ಪಡಸಾಲೆಯ ಮಾತು: ಬದಿಯ ಪೆಟ್ಟಿಗೆಯೋ, ನಡುವಿನ ಪೆಟ್ಟಿಗೆಯೋ?

ಕಳೆದ ಸಂಚಿಕೆಯಲ್ಲಿ ನಾವು ಮುಂಬಯಿಯ ಮಳೆಗಾಲದಲ್ಲಿ ಹಪ್ಪಳ ಒಣಗಿಸುವ ಕಷ್ಟವನ್ನು ಕುರಿತು ಬರೆದಿದ್ದೆವು. ಅನೇಕ ಸೋದರಿಯರು ಪತ್ರ ಬರೆದು ಸಲಹೆಗಳನ್ನು ಕೊಟ್ಟಿದ್ದಾರೆ. ಇಬ್ಬರು ಹಪ್ಪಳವನ್ನೇ ಕಳುಹಿಸಿದ್ದಾರೆ. ಎಲ್ಲರಿಗೂ ವಂದನೆಗಳು. ಈ ಸಲ ಬಾಯಿಯ ವಿಷಯವನ್ನು ಬಿಟ್ಟು ಕಿವಿಯ ವಿಷಯಕ್ಕೆ ಬರೋಣವೆಂದಿದ್ದೇವೆ.

ನಮ್ಮ ತಂದೆಯವರು ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮೂವತ್ತೆರಡು ವರ್ಷ ಮೇಷ್ಟರಾಗಿದ್ದು ನಿವೃತ್ತರಾದವರು. ತಾಯಿಯವರು ತೀರಿಕೊಂಡ ಮೇಲೆ, ಎರಡು ವರ್ಷದ ಹಿಂದೆ, ನಮ್ಮಲ್ಲಿಗೆ ಬಂದರು. ಊರಿನಲ್ಲಿ ಜಗಲಿಯ ಮೇಲೆ ಕುಳಿತರೆ ಹಾದುಹೋಗುವವರೆಲ್ಲ ‘ಏನ್ ಮೇಷ್ಟ್ರೇ, ಕಾಫಿ ಆಯ್ತಾ?’ ಎಂದು ಕೇಳಿಯೇ ಮುಂದೆ ಹೋಗುತ್ತಿದ್ದರು. ಇಲ್ಲಿ ನಮ್ಮ ಸರಕಾರಿ ವಸತಿಯ ಮೂರನೆಯ ಮಹಡಿಯ ಕಿಟಕಿಯ ಮುಂದೆ ಹಾದುಹೋಗುವುದು ಕಾಗೆ, ಪಾರಿವಾಳ ಮಾತ್ರ. ಅವಕ್ಕೆ ಕನ್ನಡ ಬರುತ್ತದೆಂದು ಹೇಳಲಾರೆವು. ಹಗಲೆಲ್ಲ ನಾವು ಕಚೇರಿಯಲ್ಲಿ, ಮಗಳು ಶಾಲೆಯಲ್ಲಿ, ನಮ್ಮಾಕೆ ಮನೆಗೆಲಸದ ಗಡಿಬಿಡಿಯಲ್ಲಿ. ಸಂಜೆ ಏಳರಿಂದ ಒಂಬತ್ತರವರೆಗೆ ಟೀವಿಯಲ್ಲಿ ಬರುವ ಕನ್ನಡವೇ ಅವರ ಜಗಲಿ.

ಆ ಜಗಲಿಯೂ ಮೆಲ್ಲಗೆ ಕುಸಿಯತೊಡಗಿತ್ತು. ಮೊದಮೊದಲು ‘ಏನಂದ ಅವನು?’ ಎಂದು ಮೊಮ್ಮಗಳನ್ನು ಕೇಳುತ್ತಿದ್ದರು. ಒಂಬತ್ತು ವರ್ಷದ ಅವಳು ಶಾಲೆಯಲ್ಲಿ ಇಂಗ್ಲಿಷು, ಅಂಗಳದಲ್ಲಿ ಹಿಂದಿ, ಗೆಳತಿಯರ ಮನೆಯಲ್ಲಿ ಮರಾಠಿ ಮಾತನಾಡುವವಳು. ಧಾರಾವಾಹಿಯ ಕನ್ನಡದಲ್ಲಿ ಅರ್ಧ ಅವಳಿಗೂ ತಿಳಿಯದು. ತಿಳಿದಷ್ಟನ್ನು ತನಗೆ ತೋಚಿದಂತೆ ಹೇಳುತ್ತಿದ್ದಳು. ಆಮೇಲೆ ತಂದೆಯವರು ಟೀವಿಯ ಸದ್ದನ್ನೇ ಏರಿಸತೊಡಗಿದರು. ಪಕ್ಕದ ಮನೆಯವರು ಎರಡು ಸಲ ಗೋಡೆ ತಟ್ಟಿದರು. ಆಮೇಲೆ ಸದ್ದೂ ಇಳಿಯಿತು, ಪ್ರಶ್ನೆಗಳೂ ನಿಂತವು. ಬರಿಯ ‘ಹೂಂ, ಹೂಂ’ ಉಳಿಯಿತು. ಸಮಸ್ಯೆ ತಾನಾಗಿಯೇ ಬಗೆಹರಿಯಿತೆಂದು ನಾವು ಸಮಾಧಾನಪಟ್ಟುಕೊಂಡೆವು. ಒಂದು ದಿನ ಧಾರಾವಾಹಿಯಲ್ಲಿ ಸೊಸೆಯೊಬ್ಬಳು ತನ್ನ ತಂದೆ ತೀರಿಕೊಂಡ ಸುದ್ದಿಯನ್ನು ಹೇಳುತ್ತಿರಲು, ನಮ್ಮ ತಂದೆಯವರು ಕಿಟಕಿಯ ಬದಿಯ ಆರಾಮ ಕುರ್ಚಿಯಲ್ಲಿ ಕುಳಿತು ನಸುನಗುತ್ತ ತಲೆದೂಗಿದರು. ಮಗಳು ಕಿಲಕಿಲನೆ ನಕ್ಕಳು. ನಮ್ಮಾಕೆ ನಮ್ಮ ಮುಖ ನೋಡಿದಳು. ತಂದೆಯವರು ಎಷ್ಟು ದಿನದಿಂದ ಹೀಗೆ ಕೇಳಿದಂತೆ ನಟಿಸುತ್ತಿದ್ದರೋ ಆ ದೇವರೇ ಬಲ್ಲ.

ಮೊದಲು ಮಾಡಬೇಕಾದ ಕೆಲಸವನ್ನು ಮೊದಲು ಮಾಡಿದೆವು. ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಅವರ ಹೆಸರಿನ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ; ೧೯೮೩ರಲ್ಲಿ ಸ್ಥಾಪನೆಯಾದದ್ದು. (ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅದಕ್ಕಿಂತ ಹಿರಿಯದು, ೧೯೬೫ರದು, ಊರಿಗೆ ಹೋದಾಗ ಅಲ್ಲಿಯೂ ತೋರಿಸಬಹುದು.) ಪರೀಕ್ಷೆಯ ನಕ್ಷೆಯಲ್ಲಿ ಗೆರೆ ಎಡದಿಂದ ಬಲಕ್ಕೆ ಇಳಿಜಾರಾಗಿತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತೆಳುವಾದ, ಎತ್ತರದ ಶಬ್ದಗಳನ್ನು. ಮಾತಿನಲ್ಲಿ ಸ್ವರಗಳು ದಪ್ಪ, ಬಲಶಾಲಿ. ವ್ಯಂಜನಗಳು ತೆಳು, ದುರ್ಬಲ. ‘ಪಾಪ’, ‘ತಾತ’, ‘ಕಾಕ’ ಎಂಬ ಮೂರು ಮಾತುಗಳನ್ನು ತೆಗೆದುಕೊಳ್ಳಿ. ಪಕಾರ, ತಕಾರ, ಕಕಾರಗಳು ಕಿವಿಗೆ ಬೀಳದಿದ್ದರೆ ಮೂರೂ ‘ಆ…ಅ’ ಎಂದೇ ಕೇಳುತ್ತವೆ. ಮನೆಗೆ ಬಂದದ್ದು ಮಗುವೋ, ಅಜ್ಜನೋ, ಚಿಕ್ಕಪ್ಪನೋ ತಿಳಿಯದು. ಸದ್ದು ಏರಿಸಿದರೆ ಈ ‘ಆ’ ದೊಡ್ಡದಾಗುತ್ತದೆಯೇ ಹೊರತು ‘ಪ’ ‘ತ’ಗಳು ಸ್ಪಷ್ಟವಾಗುವುದು ಕಡಿಮೆ. ಟೀವಿ ಚಪ್ಪಟೆಯಾದಂತೆ ಅದರೊಳಗಿನ ಸ್ಪೀಕರುಗಳೂ ಚಿಕ್ಕವಾಗಿ, ಕೆಳಕ್ಕೋ ಹಿಂದಕ್ಕೋ ಮುಖ ಮಾಡಿಕೊಂಡಿರುತ್ತವೆ. ಆಡಿದ ಮಾತು ಮೊದಲು ಗೋಡೆಗೆ, ಆಮೇಲೆ ನಮಗೆ.

ಶ್ರವಣಯಂತ್ರ ಬೇಕೆಂದು ವೈದ್ಯರು ಹೇಳಿದರು. ತಂದೆಯವರು ‘ನೋಡೋಣ’ ಎಂದರು. ಮೇಷ್ಟರ ‘ನೋಡೋಣ’ಕ್ಕೆ ಅರ್ಥವೇನೆಂಬುದನ್ನು ಅವರ ಹಳೆಯ ವಿದ್ಯಾರ್ಥಿಗಳು ಬಲ್ಲರು. ಆ ಮಾತುಕತೆ ನಡೆಯುತ್ತಿರಲಿ, ಅಷ್ಟರಲ್ಲಿ ಟೀವಿಯ ಮಾತನ್ನಾದರೂ ಸ್ಪಷ್ಟ ಮಾಡೋಣವೆಂದು ನಿಶ್ಚಯಿಸಿದೆವು. ದೀಪಾವಳಿಗೆ ಮುಂಚೆ ನಮ್ಮಂಥ ಗುಮಾಸ್ತರ ಕೈಗೆ ಬರುವ ಬೋನಸ್ಸು ೬,೯೦೮ ರೂಪಾಯಿ. ಹಲವು ವರ್ಷಗಳಿಂದ ಅದೇ ಅಂಕಿ, ಬಾಯಿಪಾಠವಾಗಿಬಿಟ್ಟಿದೆ. ಅದಕ್ಕೆ ಇನ್ನಷ್ಟು ಕೂಡಿಸಬೇಕಾಗುವುದೆಂದು ತಿಳಿದೇ ಹೊರಟೆವು.

ಕಚೇರಿಯಲ್ಲಿ ಅಭಿಪ್ರಾಯಕ್ಕೆ ಬರಗಾಲ ಉಂಟೆ? ಸಂಬಳ ವಿಭಾಗದ ಮಿತ್ರರು ‘ಮಾತು ಕೇಳಿಸಬೇಕಾದರೆ ಸೆಂಟರ್ ಸ್ಪೀಕರ್ ತಗೊಳ್ಳಿ, ಅದು ಹುಟ್ಟಿದ್ದೇ ಮಾತಿಗಾಗಿ’ ಎಂದರು. ದಾಖಲೆ ವಿಭಾಗದ ಮಿತ್ರರು ‘ಅದೆಲ್ಲ ದುಡ್ಡು ದಂಡ, ಒಳ್ಳೆಯ ಬುಕ್‌ಶೆಲ್ಫ್ ಸ್ಪೀಕರ್ ಒಂದು ಜೊತೆ ಸಾಕು’ ಎಂದರು. ಇಬ್ಬರೂ ಊಟದ ಡಬ್ಬಿ ಮುಚ್ಚುವವರೆಗೆ ವಾದ ಮಾಡಿದರು. ಇಬ್ಬರೂ ಸರಿ, ಇಬ್ಬರೂ ತಪ್ಪು ಎಂಬುದು ಆಮೇಲೆ ತಿಳಿಯಿತು.

ವಾಚಕರಲ್ಲಿ ಕೆಲವರಿಗೆ ಈ ಹೆಸರುಗಳು ಹೊಸವಿರಬಹುದು. ಎರಡು ಮಾತು ಹೇಳಿಬಿಡುತ್ತೇವೆ. ಬುಕ್‌ಶೆಲ್ಫ್ ಸ್ಪೀಕರೆಂದರೆ ಮೊಳಕ್ಕಿಂತ ಗಿಡ್ಡನೆಯ, ನಿಂತ ಪೆಟ್ಟಿಗೆ. ಕೆಳಗೆ ದೊಡ್ಡ ಬಾಯಿಯಂಥ ವೂಫರ್, ಮೇಲೆ ಬೊಟ್ಟಿನಂಥ ಟ್ವೀಟರ್. ಎಡಕ್ಕೊಂದು, ಬಲಕ್ಕೊಂದು, ಜೊತೆಯಾಗಿಯೇ ಬರುತ್ತವೆ. ಮಂದ್ರಸ್ವರ ಬೇಕಾದರೆ ಬೀರುವಿನಷ್ಟು ಪೆಟ್ಟಿಗೆ ಬೇಕೆಂದು ಜನ ನಂಬಿದ್ದ ಕಾಲದಲ್ಲಿ, ೧೯೫೪ರಲ್ಲಿ, ಅಮೆರಿಕದ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಎಂಬಿಬ್ಬರು ಅಕೂಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿ, ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿ, ಕಪಾಟಿನ ಮೇಲೆ ಇಡಬಹುದಾದ ಸ್ಪೀಕರನ್ನು ತಂದರು. ಬ್ರಿಟನ್ನಿನ ಬಿ.ಬಿ.ಸಿ.ಯವರು ೧೯೭೦ರ ದಶಕದಲ್ಲಿ ತಮ್ಮ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಎಲ್.ಎಸ್. ೩/೫ಎ ಎಂಬ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದರು. ಇಕ್ಕಟ್ಟಾದ ವ್ಯಾನಿನಲ್ಲಿ ಕುಳಿತು ಮಾತನ್ನು ನಿಖರವಾಗಿ ಆಲಿಸಬೇಕಾಗಿದ್ದವರ ಪೆಟ್ಟಿಗೆ ಅದು. ಮಾತಿನ ಸ್ಪಷ್ಟತೆಗೆ ಇಂದಿಗೂ ಅದರ ಹೆಸರನ್ನೇ ಹೇಳುವವರಿದ್ದಾರೆ.

ಸೆಂಟರ್ ಸ್ಪೀಕರಿನ ವಂಶವೃಕ್ಷ ಬೇರೆ; ಅದು ಸಭಾಂಗಣ, ಚಿತ್ರಮಂದಿರಗಳ ಕಡೆಯದು. ೧೯೩೩ರ ಏಪ್ರಿಲ್ ೨೭ರಂದು ಅಮೆರಿಕದ ಬೆಲ್ ಪ್ರಯೋಗಾಲಯದವರು ಒಂದು ಸೋಜಿಗವನ್ನು ತೋರಿಸಿದರು. ಫಿಲಡೆಲ್ಫಿಯಾದಲ್ಲಿ ವಾದ್ಯವೃಂದ ನುಡಿಸುತ್ತಿತ್ತು. ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಬರಿದಾದ ರಂಗದಿಂದ ಜನ ಅದನ್ನು ಕೇಳಿದರು. ಎಡ, ನಡು, ಬಲ ಎಂದು ಮೂರು ಮೈಕುಗಳು ಅಲ್ಲಿ, ಮೂರು ಧ್ವನಿವರ್ಧಕಗಳು ಇಲ್ಲಿ. ಅಗಲವಾದ ರಂಗದಲ್ಲಿ ಎರಡೇ ಇಟ್ಟರೆ ನಡುವೆ ತೂತು ಬೀಳುತ್ತದೆಂಬುದನ್ನು ಅವರು ಕಂಡುಕೊಂಡಿದ್ದರು. ೧೯೫೩ರಲ್ಲಿ ‘ದ ರೋಬ್’ ಎಂಬ ಸಿನೆಮಾಸ್ಕೋಪ್ ಚಿತ್ರ ಬಂದಾಗಲೂ ಪರದೆಯ ಹಿಂದೆ ಮೂರು, ಸಭಾಂಗಣದೊಳಕ್ಕೆ ಒಂದು ಎಂದು ನಾಲ್ಕು ಧ್ವನಿಪಥಗಳಿದ್ದವು. ಸಾವಿರ ಜನರ ಮಂದಿರದಲ್ಲಿ ಎಲ್ಲರೂ ನಡುವೆ ಕೂರುವುದು ಸಾಧ್ಯವಿಲ್ಲ. ಬದಿಯಲ್ಲಿ ಕುಳಿತವನಿಗೂ ನಾಯಕನ ಮಾತು ನಾಯಕನ ಬಾಯಿಂದಲೇ ಬರಬೇಕಲ್ಲ! ೧೯೮೭ರಲ್ಲಿ ಡಾಲ್ಬಿಯವರ ಪ್ರೋ ಲಾಜಿಕ್ ಎಂಬ ವ್ಯವಸ್ಥೆ ಈ ನಡುವಿನ ಪಾಲನ್ನು ಮನೆಗಳಿಗೂ ತಂದಿತು. ಮನೆಯಲ್ಲಿ ಟೀವಿಯ ಕೆಳಗೆ ಜಾಗ ಕಡಿಮೆಯಾದ್ದರಿಂದ ನಿಂತಿದ್ದ ಪೆಟ್ಟಿಗೆಯನ್ನು ಮಲಗಿಸಿದರು: ಎಡದಲ್ಲೊಂದು ವೂಫರ್, ಬಲದಲ್ಲೊಂದು, ನಡುವೆ ಟ್ವೀಟರ್. ನೋಡಲು ಅಚ್ಚುಕಟ್ಟು. ಆದರೆ ಈ ಮಲಗಿಸಿದ್ದರಲ್ಲಿಯೇ ಒಂದು ತೊಡಕು ಅಡಗಿತ್ತು.

ಒಂದು ಶನಿವಾರ ಲ್ಯಾಮಿಂಗ್ಟನ್ ರಸ್ತೆಗೆ ಹೋದೆವು. ಮುಂಬಯಿಯ ರೇಡಿಯೊ, ತಂತಿ, ಸ್ಪೀಕರುಗಳ ಪೇಟೆಯೆಂದರೆ ಅದೇ. ಒಂದು ಅಂಗಡಿಯಲ್ಲಿ ನಮ್ಮನ್ನು ಸೋಫಾದ ನಟ್ಟನಡುವೆ ಕೂರಿಸಿ, ಚಹ ಕೊಟ್ಟು, ಮೊದಲು ಮಲಗಿದ ಸೆಂಟರ್ ಸ್ಪೀಕರಿನಲ್ಲಿ ಮಾತು ಕೇಳಿಸಿದರು, ಬಹಳ ಚೆನ್ನಾಗಿತ್ತು. ಆಮೇಲೆ ಬುಕ್‌ಶೆಲ್ಫ್ ಜೊತೆಯಲ್ಲಿ ಅದೇ ಮಾತನ್ನು ಕೇಳಿಸಿದರು. ಅದೂ ಬಹಳ ಚೆನ್ನಾಗಿತ್ತು. ಮಾತನಾಡುವವನು ಎರಡು ಪೆಟ್ಟಿಗೆಗಳ ನಡುವಿನ ಬಯಲಿನಲ್ಲಿ ನಿಂತಂತೆ ಕೇಳಿಸುತ್ತಿತ್ತು. ಗಲ್ಲಾದಲ್ಲಿದ್ದವರು ರಸೀದಿ ಪುಸ್ತಕವನ್ನು ತೆರೆದರು.

ಆಗ ನಮಗೆ ಹೊಳೆದದ್ದಿಷ್ಟು: ನಮ್ಮ ತಂದೆಯವರು ನಡುವೆ ಕೂರುವುದಿಲ್ಲ. ಅವರ ಆರಾಮ ಕುರ್ಚಿ ಇರುವುದು ಕಿಟಕಿಯ ಬದಿಗೆ, ಬಲ ಮೂಲೆಯಲ್ಲಿ. ಚಹದ ಲೋಟವನ್ನು ಹಿಡಿದುಕೊಂಡೇ ಎದ್ದು ಸೋಫಾದ ಬಲತುದಿಗೆ, ಅಲ್ಲಿಂದ ಇನ್ನೂ ಆಚೆಯ ಸ್ಟೂಲಿಗೆ ಹೋಗಿ ಕುಳಿತೆವು. ‘ಈಗ ಇನ್ನೊಮ್ಮೆ ಹಾಕಿ’ ಎಂದೆವು. ಬುಕ್‌ಶೆಲ್ಫ್ ಜೊತೆಯಲ್ಲಿ ನಡುವೆ ನಿಂತಿದ್ದವನು ಓಡಿಬಂದು ನಮ್ಮ ಪಕ್ಕದ ಬಲಪೆಟ್ಟಿಗೆಯೊಳಗೆ ಹೊಕ್ಕುಕೊಂಡಿದ್ದ! ಸರಿ, ಮಾತಿಗೆಂದೇ ಹುಟ್ಟಿದ ಸೆಂಟರ್ ಸ್ಪೀಕರನ್ನು ಹಾಕಿಸಿದೆವು. ಮಾತು ಟೀವಿಯ ಕೆಳಗಿನಿಂದಲೇ ಬಂತು, ನಿಜ. ಆದರೆ ಕೊಡದೊಳಗೆ ಬಾಯಿಟ್ಟು ಆಡಿದಂತೆ ಟೊಳ್ಳಾಗಿ ಬಂತು. ಅಂಗಡಿಯವರು ‘ಯಾರು ಸಾಹೇಬರೇ ಅಲ್ಲಿ ಕೂತು ಕೇಳ್ತಾರೆ?’ ಎಂದು ಹಿಂದಿಯಲ್ಲಿ ಕೇಳಿದರು. ‘ನಮ್ಮ ತಂದೆಯವರು’ ಎಂದೆವು.

ಇವೆರಡರ ಕಾರಣವನ್ನೂ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮೊದಲು ಬುಕ್‌ಶೆಲ್ಫ್ ಜೊತೆಯ ವಿಚಾರ. ನಡುವೆ ಧ್ವನಿ ಕೇಳುವುದು ಕಿವಿಯ ಭ್ರಮೆ. ಎರಡೂ ಪೆಟ್ಟಿಗೆಗಳಿಂದ ಒಂದೇ ಮಾತು ಒಂದೇ ಕ್ಷಣಕ್ಕೆ ಬಂದರೆ ಮನಸ್ಸು ಅದನ್ನು ನಡುವೆ ಕೂರಿಸುತ್ತದೆ. ಮನೆಗೆ ಬಂದು ಮಗಳ ಕೈಯಲ್ಲಿ ದರ್ಜಿಯ ಟೇಪು ಕೊಟ್ಟು, ಪೆಟ್ಟಿಗೆಗಳು ಬರಬೇಕಾದ ಜಾಗಗಳಿಂದ ತಂದೆಯವರ ಕುರ್ಚಿಗೆ ಅಳೆಸಿದೆವು. ಹತ್ತಿರದ ಜಾಗಕ್ಕೆ ೨.೨೫ ಮೀಟರ್, ದೂರದ ಜಾಗಕ್ಕೆ ೩.೧೦ ಮೀಟರ್, ವ್ಯತ್ಯಾಸ ೮೫ ಸೆಂಟಿಮೀಟರ್. ಶಬ್ದ ಸೆಕೆಂಡಿಗೆ ಸುಮಾರು ೩೪೩ ಮೀಟರ್ ಓಡುತ್ತದೆ. ಆದ್ದರಿಂದ ಹತ್ತಿರದ ಪೆಟ್ಟಿಗೆಯ ಮಾತು ಸೆಕೆಂಡಿನ ಸಾವಿರ ಭಾಗದಲ್ಲಿ ಎರಡೂವರೆ ಭಾಗದಷ್ಟು ಮುಂಚೆ ಮುಟ್ಟುತ್ತದೆ. ಅಷ್ಟೇ ಸಾಕು. ಮೊದಲು ಬಂದವನನ್ನೇ ಕಿವಿ ನಂಬುತ್ತದೆ. ಹಿಂದೆ ಬಂದವನನ್ನು ಅವನ ನೆರಳೆಂದು ಭಾವಿಸುತ್ತದೆ. ಇದನ್ನು ೧೯೪೯ರಲ್ಲಿ ಜರ್ಮನಿಯ ಹೆಲ್ಮುಟ್ ಹಾಸ್ ಎಂಬವರು ಪ್ರಯೋಗ ಮಾಡಿ ವಿವರಿಸಿದರು. ನಮ್ಮ ಕಚೇರಿಯಲ್ಲಿಯೂ ಮೇಲಧಿಕಾರಿಗಳ ಕೋಣೆಗೆ ಮೊದಲು ಹೊಕ್ಕವನ ಮಾತೇ ನಡೆಯುವುದು. ಅದನ್ನು ಇನ್ನೂ ಯಾರೂ ಪ್ರಬಂಧವಾಗಿ ಬರೆದಿಲ್ಲ.

ಇನ್ನು ಮಲಗಿದ ಸೆಂಟರ್ ಸ್ಪೀಕರಿನ ವಿಚಾರ. ಅದರ ಎರಡು ವೂಫರುಗಳ ನಡುವೆ ೩೫ ಸೆಂಟಿಮೀಟರ್ ಅಂತರವಿದೆಯೆನ್ನಿ. ನೇರ ಎದುರು ಕುಳಿತರೆ ಎರಡೂ ಸಮದೂರ. ಇಬ್ಬರೂ ಒಂದೇ ದನಿಯಲ್ಲಿ ಹಾಡುತ್ತಾರೆ. ಬದಿಗೆ ೩೦ ಡಿಗ್ರಿ ಸರಿದರೆ ಒಂದು ವೂಫರು ಇನ್ನೊಂದಕ್ಕಿಂತ ಹದಿನೇಳೂವರೆ ಸೆಂಟಿಮೀಟರ್ ದೂರವಾಗುತ್ತದೆ. ೩೫ ಸೆಂಟಿಮೀಟರ್ ಉದ್ದದ ಶಬ್ದದ ಅಲೆಗೆ ಇದು ಸರಿಯಾಗಿ ಅರ್ಧ. ಒಂದರ ಉಬ್ಬು ಇನ್ನೊಂದರ ತಗ್ಗಿನ ಮೇಲೆ ಬಿದ್ದು ಎರಡೂ ಅಳಿಸಿಹೋಗುತ್ತವೆ. ಲೆಕ್ಕ ಹಾಕಿದರೆ ಅದು ಸುಮಾರು ೯೮೦ ಹರ್ಟ್ಸ್. ಮನುಷ್ಯರ ಮಾತಿನ ನಟ್ಟನಡುವೆ! ನಿಂತ ಪೆಟ್ಟಿಗೆಯಲ್ಲಿ ಬಾಯಿಗಳು ಒಂದರ ಮೇಲೊಂದು ಇರುವುದರಿಂದ, ಕೇಳುವವನು ಎಡಕ್ಕೆ ಬಲಕ್ಕೆ ಸರಿದರೂ ಎರಡರ ದೂರವೂ ಒಟ್ಟಿಗೇ ಬದಲಾಗುತ್ತದೆ. ಈ ಜಗಳ ಹುಟ್ಟುವುದಿಲ್ಲ. ನಡುವೆ ಟ್ವೀಟರ್, ಆಚೀಚೆ ವೂಫರ್ ಎಂಬ ಈ ಜೋಡಣೆಯನ್ನು ೧೯೮೩ರಲ್ಲಿ ಜೋಸೆಫ್ ಡಾಪೊಲಿಟೊ ಎಂಬ ತಜ್ಞರು ವಿವರಿಸಿದ್ದು ನಿಲ್ಲಿಸಿ ಇಡುವ ಪೆಟ್ಟಿಗೆಗಾಗಿ. ಅದನ್ನು ಮಲಗಿಸಿದ್ದು ಟೀವಿಯ ಮೇಜಿನ ಇಕ್ಕಟ್ಟು.

ಅಂಗಡಿಯಲ್ಲಿ ಮೂರನೆಯ ಪ್ರಯೋಗವೊಂದನ್ನೂ ಮಾಡಿಸಿದೆವು. ಬುಕ್‌ಶೆಲ್ಫ್ ಜೊತೆಯಲ್ಲಿ ಒಂದನ್ನೇ ತಂದು, ಟೀವಿಯ ಮುಂದೆ ನಟ್ಟಗೆ ನಿಲ್ಲಿಸಿ, ಅದರಲ್ಲಿ ಮಾತು ಹಾಕಿಸಿದೆವು. ಸೋಫಾ, ಸ್ಟೂಲು, ಬಾಗಿಲು, ಎಲ್ಲಿ ನಿಂತರೂ ಮಾತು ಒಂದೇ ಸಮನಾಗಿ, ಒಂದೇ ಜಾಗದಿಂದ ಬಂತು. ‘ಇದು ಒಂದನ್ನೇ ಕೊಡಿ’ ಎಂದೆವು. ‘ಜೊತೆ ಮುರಿಯುವುದಿಲ್ಲ’ ಎಂದರು. ಮದುವೆ ಮಾಡಿಸುವ ಪುರೋಹಿತರೂ ಅಷ್ಟು ಗಂಭೀರವಾಗಿ ಹೇಳಲಾರರು.

ಇನ್ನೊಂದು ಸಂಗತಿ. ಸೆಂಟರ್ ಸ್ಪೀಕರನ್ನು ಒಂಟಿಯಾಗಿ ಕೊಂಡು ತಂದು ಸಾಧಾರಣ ಎರಡು ಪಾಲಿನ ಆಂಪ್ಲಿಫೈಯರಿಗೆ ಜೋಡಿಸಿದರೆ ಅದಕ್ಕೆ ಸಿಗುವುದು ಎಡದ ಅಥವಾ ಬಲದ ಪಾಲು ಮಾತ್ರ. ನಡುವಿನದನ್ನು ಬೇರ್ಪಡಿಸಿ ಕೊಡುವ ಎ.ವಿ. ರಿಸೀವರ್ ಬೇಕು. ಅದರ ಬೆಲೆಯನ್ನು ಕೇಳಿ ನಾವು ಲೋಟವನ್ನು ಕೆಳಗಿಟ್ಟೆವು. ನಮ್ಮ ನೆರೆಯವರೊಬ್ಬರು ಇದನ್ನು ತಿಳಿಯದೆ ಸೆಂಟರ್ ಸ್ಪೀಕರನ್ನು ತಂದು, ಈಗ ಅದರ ಮೇಲೆ ಗಣಪತಿಯನ್ನು ಕೂರಿಸಿದ್ದಾರೆ. ಗಣಪತಿಗೆ ಕಿವಿ ದೊಡ್ಡದು, ಅವನಿಗೆ ತೊಂದರೆಯಿಲ್ಲ.

ಕೊನೆಗೆ ಬುಕ್‌ಶೆಲ್ಫ್ ಸ್ಪೀಕರಿನ ಒಂದು ಸಾಧಾರಣ ಜೊತೆಯನ್ನೂ ಚಿಕ್ಕ ಆಂಪ್ಲಿಫೈಯರನ್ನೂ ಕೊಂಡು ಬಂದೆವು. ಬೋನಸ್ಸು ಅದರಲ್ಲಿ ಎಲ್ಲಿ ಕರಗಿತೋ ತಿಳಿಯಲಿಲ್ಲ. ಬಾಗಿಲಲ್ಲೇ ನಮ್ಮಾಕೆ ಕೇಳಿದ ಮೊದಲ ಪ್ರಶ್ನೆ: ‘ಬುಕ್‌ಶೆಲ್ಫ್ ಸ್ಪೀಕರಂತೆ, ಬುಕ್ಕುಗಳು ಎಲ್ಲಿಗೆ ಹೋಗ್ಬೇಕು?’ ನಮ್ಮ ಮನೆಯಲ್ಲಿರುವುದು ಒಂದೇ ಕಪಾಟು. ಅದರಲ್ಲಿ ಡಿ.ವಿ.ಜಿ., ಕಾರಂತ, ತ್ರಿವೇಣಿ ಇದ್ದಾರೆ. ಊರಿನಿಂದ ತಂದೆಯವರು ಹೊತ್ತು ತಂದ ಗದುಗಿನ ಭಾರತವಿದೆ. ಕನ್ನಡವನ್ನು ಕೇಳುವುದಕ್ಕಾಗಿ ಕನ್ನಡವನ್ನೇ ಅಟ್ಟಕ್ಕೆ ಏರಿಸುವುದೆ? ಅದೃಷ್ಟವಶಾತ್ ವಿಜ್ಞಾನ ನಮ್ಮಾಕೆಯ ಪಕ್ಷವನ್ನೇ ಹಿಡಿಯಿತು. ಹೆಸರು ಏನೇ ಇರಲಿ, ಈ ಪೆಟ್ಟಿಗೆಗಳು ಪುಸ್ತಕದ ಕಪಾಟಿನೊಳಗೆ ಗೋಡೆಗೆ ಒತ್ತಿ ಕುಳಿತರೆ ಮಂದ್ರಸ್ವರ ಉಬ್ಬಿ, ಗುಂ ಎಂದು ಮಾತನ್ನು ಮುಚ್ಚಿಬಿಡುತ್ತದೆ. ಹಿಂಬದಿಯಲ್ಲಿ ರಂಧ್ರವಿರುವ ಪೆಟ್ಟಿಗೆಗಳಿಗಂತೂ ಇದು ಹೆಚ್ಚು. ಗೋಡೆಯಿಂದ ಒಂದು ಗೇಣಾದರೂ ಮುಂದಕ್ಕೆ, ಟ್ವೀಟರು ಕುಳಿತವರ ಕಿವಿಯ ಎತ್ತರಕ್ಕೆ ಬರುವಂತೆ ನಿಲ್ಲಿಸಬೇಕು. ಎರಡು ಮರದ ಸ್ಟೂಲುಗಳ ಮೇಲೆ ಕಡಪಾ ಕಲ್ಲಿನ ತುಂಡುಗಳನ್ನು ಹಾಸಿ ನಿಲ್ಲಿಸಿದೆವು. ಕಪಾಟೇ ಸಿಗುವುದಾದರೆ ಪೆಟ್ಟಿಗೆಯ ಮುಖವನ್ನು ಹಲಗೆಯ ಅಂಚಿಗೆ ತನ್ನಿ, ಹಿಂಬದಿಯ ರಂಧ್ರಕ್ಕೆ ಸ್ಪಂಜು ತುರುಕಿ. ಬರಿಯ ಟೈಲ್ಸ್ ನೆಲದ ಮೇಲೆ ಮಾತು ಚೆಂಡಿನಂತೆ ಪುಟಿಯುತ್ತದೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದ ನವಲಗುಂದದ ಜಮಖಾನೆಯನ್ನು ತೆಗೆದು ಹಾಸಿದೆವು, ಕಿಟಕಿಗೆ ದಪ್ಪ ಪರದೆ ಹಾಕಿದೆವು. ಸ್ವಲ್ಪ ಗುಣವಾಯಿತು.

ಇಷ್ಟೆಲ್ಲ ಆದ ಮೇಲೂ ಮುಖ್ಯವಾದ ಕೆಲಸ ಉಳಿದಿತ್ತು: ಕುರ್ಚಿ. ಜೊತೆಪೆಟ್ಟಿಗೆಗಳ ಮಾತು ನಡುವೆ ನಿಲ್ಲುವುದು ನಡುವೆ ಕುಳಿತವರಿಗೆ ಮಾತ್ರ. ನಮಗೂ ನಮ್ಮಾಕೆಗೂ ಮಗಳಿಗೂ ಕಿವಿ ನೆಟ್ಟಗಿದೆ; ಮಾತು ಎಡದಿಂದ ಬಂದರೂ ಬಲದಿಂದ ಬಂದರೂ ನಮಗೆ ತಿಳಿಯುತ್ತದೆ. ಕಿವಿ ಮಂದವಾದವರು ನಡುವೆ ಕೂರಬೇಕು. ‘ಅಪ್ಪ, ನಿಮ್ಮ ಕುರ್ಚಿ ಈ ಕಡೆ ಹಾಕ್ತೀವಿ’ ಎಂದೆವು.

ತಂದೆಯವರು ಒಪ್ಪಲಿಲ್ಲ. ‘ಬೇಡ ಕಣೋ, ಇಲ್ಲೇ ಇರ್ಲಿ’ ಎಂದರು.

‘ಕಿಟಕಿ ಬೇಕಾ ಅಪ್ಪ?’

‘ಕಿಟಕೀಲಿ ಏನಿದೆ, ಕಾಗೆ. ನಡುವೆ ಹಾಕಿದ್ರೆ ಓಡಾಡೋರ ಕಾಲಿಗೆ ಅಡ್ಡ. ಅವಳು ಅಡುಗೆಮನೆಗೆ ಹೋಗಿ ಬರ್ಬೇಕು, ಮಗು ಓದ್ಕೋಬೇಕು. ಮುದುಕರು ಮೂಲೇಲಿ ಇದ್ರೇನೇ ಎಲ್ರಿಗೂ ಅನುಕೂಲ.’

ಎರಡು ವರ್ಷದಿಂದ ಅವರಿಗೆ ಕಿಟಕಿಯೆಂದರೆ ಇಷ್ಟವೆಂದೇ ನಾವು ತಿಳಿದಿದ್ದೆವು. ಬಂದ ನೆಂಟರಿಗೂ ಹಾಗೆಂದೇ ಹೇಳುತ್ತಿದ್ದೆವು. ಏನು ಹೇಳಬೇಕೋ ತೋಚದೆ ನಿಂತಿರುವಾಗ ನಮ್ಮಾಕೆ ಅಡುಗೆಮನೆಯಿಂದ ಬಂದು, ‘ಮಾವ, ನೀವು ಎದ್ದೇಳಿ ಸ್ವಲ್ಪ’ ಎಂದು, ಅವರು ಎದ್ದೊಡನೆ ಕುರ್ಚಿಯನ್ನು ಎಳೆದು ತಂದು ಜಮಖಾನೆಯ ನಡುವೆ ಇಟ್ಟು, ‘ನಾನು ಆ ಕಡೆಯಿಂದ ಸುತ್ತಿ ಬರ್ತೀನಿ, ಕಾಲು ಸವೆಯಲ್ಲ’ ಎಂದು ಒಳಗೆ ಹೋದಳು. ನಾವು ಸೆಂಟರ್ ಸ್ಪೀಕರಿನ ಶಾಸ್ತ್ರವನ್ನೆಲ್ಲ ಓದಿದ್ದೆವು. ಮನೆಯಲ್ಲಿ ನಡುವೆ ಇರಬೇಕಾದ್ದು ಯಾವುದೆಂದು ಅವಳು ಓದದೆಯೇ ತಿಳಿದಿದ್ದಳು.

ಕೊಳ್ಳಲು ಹೊರಟಿರುವ ವಾಚಕರಿಗಾಗಿ ನಮ್ಮ ಅನುಭವದ ಸಾರವನ್ನು ಒಪ್ಪಿಸುತ್ತೇವೆ. ಮೊದಲು ಕಾಸಿಲ್ಲದ ಉಪಾಯ. ಟೀವಿಯಲ್ಲಿ ಸಂಗೀತ ಜೋರಾಗಿ, ಮಾತು ಮಾತ್ರ ಕ್ಷೀಣವಾಗಿ ಕೇಳುತ್ತಿದ್ದರೆ, ಟೀವಿ ಅಥವಾ ಸೆಟ್ ಟಾಪ್ ಪೆಟ್ಟಿಗೆಯ ಧ್ವನಿಯ ಆಯ್ಕೆಯಲ್ಲಿ ‘ಸ್ಟೀರಿಯೊ’ ಅಥವಾ ‘ಪಿ.ಸಿ.ಎಂ.’ ಎಂದಿರುವುದನ್ನು ಆರಿಸಿ ನೋಡಿ. ಆರು ಪಾಲಿನ ಸದ್ದು ಎರಡೇ ಪೆಟ್ಟಿಗೆಗಳಿಗೆ ಸರಿಯಾಗಿ ಇಳಿಯದಿದ್ದಾಗ ಕಳೆದುಹೋಗುವುದು ಈ ನಡುವಿನ ಮಾತೇ. ಎ.ವಿ. ರಿಸೀವರ್ ಇದ್ದು ಸೆಂಟರ್ ಸ್ಪೀಕರ್ ಇಲ್ಲದವರು, ಸೆಂಟರ್ ‘ಇಲ್ಲ’ ಎಂದು ಅದರಲ್ಲಿ ನಮೂದಿಸಬೇಕು. ಆಗ ಆ ಪಾಲನ್ನು ಅದು ಎಡಬಲಗಳಿಗೆ ಹಂಚುತ್ತದೆ. ನಮೂದಿಸದಿದ್ದರೆ ಮಾತು ಇಲ್ಲದ ಪೆಟ್ಟಿಗೆಗೆ ಹೋಗುತ್ತದೆ.

ಹಾಡು, ಹಳೆಯ ಚಿತ್ರ, ವಾರ್ತೆ, ಧಾರಾವಾಹಿಗಳೇ ಹೆಚ್ಚಾಗಿ, ಕೇಳುವವರು ಇಬ್ಬರು ಮೂವರಾಗಿ, ನಡುವೆ ಕೂರಲು ಜಾಗವಿದ್ದರೆ, ಬುಕ್‌ಶೆಲ್ಫ್ ಜೊತೆ ಸಾಕು. ೧೯೫೪ರ ‘ಬೇಡರ ಕಣ್ಣಪ್ಪ’ದಂಥ ಚಿತ್ರಗಳ ಧ್ವನಿ ಒಂದೇ ಪಾಲಿನದು, ಅದಕ್ಕೆ ನಡುವಿನ ಪೆಟ್ಟಿಗೆಯಿಂದ ವಿಶೇಷ ಲಾಭವಿಲ್ಲ. ಬದಿಯಲ್ಲಿ ಕೂರುವವರಿದ್ದರೆ ಎರಡೂ ಪೆಟ್ಟಿಗೆಗಳ ಮುಖವನ್ನು ಒಳಕ್ಕೆ ತಿರುಗಿಸಿ, ಎಡಪೆಟ್ಟಿಗೆ ಬಲಬದಿಯವರನ್ನೂ ಬಲಪೆಟ್ಟಿಗೆ ಎಡಬದಿಯವರನ್ನೂ ನೋಡುವಂತೆ ಇಟ್ಟರೆ ಕೊಂಚ ಸಹಾಯವಾಗುತ್ತದೆ. ಮನೆ ತುಂಬ ಜನ, ಅಗಲವಾದ ಹಾಲು, ಹೊಸ ಚಿತ್ರಗಳ ಹವ್ಯಾಸ, ಜೊತೆಗೆ ಎ.ವಿ. ರಿಸೀವರಿಗೆ ದುಡ್ಡು ಇವೆಲ್ಲ ಇದ್ದವರಿಗೆ ನಡುವಿನ ಪೆಟ್ಟಿಗೆ ಬೇಕು. ಅದರಿಂದ ಇನ್ನೊಂದು ಅನುಕೂಲ, ಮಾತಿನ ಪಾಲನ್ನಷ್ಟೇ ಎರಡು ಮೂರು ಡೆಸಿಬಲ್ ಏರಿಸಬಹುದು. ಆದರೆ ಕೊಳ್ಳುವಾಗ ಮುಂದಿನ ಬಟ್ಟೆಯನ್ನು ತೆಗೆಸಿ ನೋಡಿ. ಟ್ವೀಟರಿನ ಕೆಳಗೆ ಇನ್ನೊಂದು ಚಿಕ್ಕ ಸ್ಪೀಕರು ನಿಂತಿದ್ದರೆ ಒಳ್ಳೆಯದು. ಮಾತಿನ ಭಾರವನ್ನು ಅದು ಹೊರುತ್ತದೆ, ಆಚೀಚೆಯ ವೂಫರುಗಳು ಜಗಳವಾಡುವುದಿಲ್ಲ. ಟೀವಿಯ ಕೆಳಗೆ ಎತ್ತರವಿದ್ದರೆ, ಎಡಬಲದಲ್ಲಿರುವಂಥದೇ ಬುಕ್‌ಶೆಲ್ಫ್ ಪೆಟ್ಟಿಗೆಯೊಂದನ್ನು ನಿಲ್ಲಿಸುವುದು ಎಲ್ಲಕ್ಕಿಂತ ಉತ್ತಮ, ಮಲಗಿಸಬೇಡಿ. ಯಾವುದನ್ನೇ ಆಗಲಿ, ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮಂದವಾಗಿ ಕೇಳುವವರು ಕೂರುವ ಜಾಗದಲ್ಲಿ ಕುಳಿತೇ ಆರಿಸಿ. ಅಂಗಡಿಯ ಸೋಫಾದ ನಡುವೆ ಎಲ್ಲ ಪೆಟ್ಟಿಗೆಗಳೂ ಬೃಹಸ್ಪತಿಗಳೇ.

ಕಿವಿಯ ಪರೀಕ್ಷೆಯನ್ನು ಮಾತ್ರ ಮರೆಯಬೇಡಿ. ಪೆಟ್ಟಿಗೆ ಕಿವಿಯ ಕೆಲಸವನ್ನು ಮಾಡಲಾರದು. ನಮ್ಮ ತಂದೆಯವರು ‘ನೋಡೋಣ’ದಿಂದ ‘ಸಂಕ್ರಾಂತಿ ಆಗ್ಲಿ’ ಎಂಬವರೆಗೆ ಬಂದಿದ್ದಾರೆ.

ಮೊನ್ನೆಯ ಸಂಗತಿ. ಧಾರಾವಾಹಿಯಲ್ಲಿ ಯಾರೋ ಯಾರಿಗೋ ‘ಇನ್ನೂ ಮುನಿಸೇ?’ ಎಂದು ಕೇಳಿದರು. ಕುರ್ಚಿಯ ಕೆಳಗೆ ಜಮಖಾನೆಯ ಮೇಲೆ ಕುಳಿತಿದ್ದ ಮಗಳು ತಲೆಯೆತ್ತಿ, ‘ತಾತ, ಮುನಿಸು ಅಂದ್ರೆ?’ ಎಂದಳು.

‘ಕೋಪ.’

‘ಮತ್ತೆ ಕೋಪ ಅಂತಾನೇ ಅನ್ಬಹುದಿತ್ತಲ್ಲ?’

ಮೇಷ್ಟರು ಒಂದು ಕ್ಷಣ ಯೋಚಿಸಿದರು. ‘ಕೋಪ ಯಾರ ಮೇಲೆ ಬೇಕಾದ್ರೂ ಬರುತ್ತೆ ಮಗು. ಮುನಿಸು ಬೇಕಾದೋರ ಮೇಲೆ ಮಾತ್ರ’ ಎಂದರು. ಆಮೇಲೆ ನಮ್ಮ ಕಡೆ ತಿರುಗಿ, ‘ಸದ್ದು ಸ್ವಲ್ಪ ಕಮ್ಮಿ ಮಾಡೋ. ಏನದು, ಅಷ್ಟು ಕಿರುಚ್ತಾ ಇದೆ’ ಎಂದರು.

ಕಮ್ಮಿ ಮಾಡಿದೆವು.